ಮಗನ ಗದ್ದಲ, ಅತ್ತೆಯ ಹಾಡು

ನಮ್ಮ ಮನೆಯ ಕಬ್ಬಿಣದ ಟ್ರಂಕಿನ ತಳದಲ್ಲಿ ಒಂದು ಕ್ಯಾಸೆಟ್ಟು ಹದಿನೇಳು ವರ್ಷ ಮಲಗಿತ್ತು. ಹಳೆಯ ಕುಪ್ಪಸದ ತುಂಡಿನಲ್ಲಿ ಸುತ್ತಿ, ಅದರ ಮೇಲೆ ಹರಿದ ಸೀರೆಗಳನ್ನು ಒಟ್ಟಿ ಇಟ್ಟಿದ್ದವಳು ನಾನೇ. ಅದನ್ನು ಇಟ್ಟದ್ದು ಸಿಟ್ಟಿನಲ್ಲಿ, ತೆಗೆದದ್ದು ಕೌದಿ ಹೊಲಿಯುವ ನೆಪದಲ್ಲಿ. ಈ ಎರಡರ ನಡುವೆ ನನ್ನ ಮಗ ಬೆಳೆದು ದೊಡ್ಡವನಾಗಿ ಬೆಂಗಳೂರು ಸೇರಿಬಿಟ್ಟಿದ್ದ.

ಸೋದರಿಯರೇ, ಮಕ್ಕಳು ಕೇಳುವ ಸಂಗೀತ ನಮಗೆ ಸಂಗೀತವೆನಿಸುವುದಿಲ್ಲ. ಎಲ್ಲರ ಮನೆಯ ಹಾಡೂ ಅದೇ. ಆದರೆ ನನ್ನ ಮನೆಯಲ್ಲಿ ಆ ಗದ್ದಲಕ್ಕೂ ನನ್ನ ಅತ್ತೆಯವರ ದನಿಗೂ ಒಂದು ಗಂಟು ಬಿದ್ದಿತ್ತು. ಅದನ್ನು ನಿಮ್ಮೆದುರು ಬಿಚ್ಚಬೇಕೆನಿಸಿದೆ.

ನಾನು ದೇವದುರ್ಗದ ಕಡೆಯವಳು. 1984ರಲ್ಲಿ ಮದುವೆಯಾಗಿ ಮಾನ್ವಿಗೆ ಬಂದೆ. ಮಾನ್ವಿ ಎಂದರೆ ಹರಿಕಥಾಮೃತಸಾರ ಬರೆದ ಜಗನ್ನಾಥದಾಸರ ಊರು. ಅವರ ಗುರುಗಳ ಸಾಲಿನ ವಿಜಯದಾಸರು ಹುಟ್ಟಿದ್ದು ಇಲ್ಲೇ ತುಂಗಭದ್ರೆಯ ದಂಡೆಯ ಚೀಕಲಪರವಿಯಲ್ಲಿ. ಗೋಪಾಲದಾಸರು ನಮ್ಮ ತವರಿನ ಕಡೆಯ ಮೊಸರಕಲ್ಲಿನವರು. ಹೀಗಾಗಿ ಈ ಕಡೆಯ ಹೆಣ್ಣುಮಕ್ಕಳಿಗೆ ಹಾಡು ಹೇಳಿಕೊಡುವವರು ಬೇಕಾಗಿರಲಿಲ್ಲ. ಹಿಟ್ಟು ನಾದುತ್ತಾ, ಅಕ್ಕಿ ಆರಿಸುತ್ತಾ ಕಿವಿಗೆ ಬಿದ್ದದ್ದೇ ಪಾಠ.

ಅತ್ತೆಯವರಿಗೆ ಜಗನ್ನಾಥದಾಸರ ತತ್ವಸುವ್ವಾಲಿ ಬಹಳ ಇಷ್ಟ. ಕುಟ್ಟುವಾಗ ಹೆಂಗಸರು ಹಾಡುವ ಸುವ್ವಿಯ ಧಾಟಿಯಲ್ಲಿ, ತ್ರಿಪದಿಯಲ್ಲಿ ದಾಸರು ತತ್ವ ಹೇಳಿದ ಕೃತಿ ಅದು. ಪುಸ್ತಕ ಹಿಡಿದು ಹಾಡಿದವರಲ್ಲ ಅವರು. ಧಾಟಿಯೂ ಅವರದೇ. ಅವರ ತಾಯಿಯಿಂದ ಬಂದದ್ದಂತೆ. ಪಕ್ಕದ ಮನೆಯ ಅಜ್ಜಿಯ ಧಾಟಿ ಬೇರೆ. "ಆಕೀದು ಆಕೀಗಿ ಚೆಂದ, ನಂದು ನನಗ ಚೆಂದ" ಎನ್ನುತ್ತಿದ್ದರು.

1989ರ ಭಾದ್ರಪದದಲ್ಲಿ, ದಾಸರ ಆರಾಧನೆಯ ನವಮಿಗೆ ಬಂದ ನಮ್ಮವರ ಚಿಕ್ಕಪ್ಪನ ಮಗ ಒಂದು ಟೇಪ್ ರೆಕಾರ್ಡರ್ ತಂದಿದ್ದ. ಅತ್ತೆಯವರನ್ನು ಪುಸಲಾಯಿಸಿ ಅಡುಗೆಮನೆಯ ಹೊಸ್ತಿಲ ಬಳಿ ಕೂಡಿಸಿ, ಅರವತ್ತು ನಿಮಿಷದ ಕ್ಯಾಸೆಟ್ಟಿನ ಎರಡೂ ಬದಿ ತುಂಬಿಸಿದ. ಹೋಗುವಾಗ ಕ್ಯಾಸೆಟ್ಟು ನಮಗೇ ಬಿಟ್ಟುಹೋದ. 1994ರಲ್ಲಿ ಅತ್ತೆಯವರು ತೀರಿಕೊಂಡರು. ಅವರ ಫೋಟೋ ಎಂದರೆ ಗುಂಪಿನಲ್ಲಿ ನಿಂತದ್ದು ಒಂದೇ. ಅದರಲ್ಲೂ ಸೆರಗು ಮುಖದ ಮೇಲೆ ಬಂದಿದೆ. ಉಳಿದದ್ದು ಆ ಕ್ಯಾಸೆಟ್ಟು ಮಾತ್ರ. ವರ್ಷಕ್ಕೊಮ್ಮೆ ಅವರ ತಿಥಿಯ ದಿನ ಹಾಕಿ ಕೇಳುತ್ತಿದ್ದೆವು.

ಇನ್ನು ನನ್ನ ಮಗನ ಕಥೆ. 2003ರಲ್ಲಿ ಅವನಿಗೆ ಹದಿನೇಳು. ಪಿ.ಯು.ಸಿ. ಓದುತ್ತಿದ್ದ. ರಾಯಚೂರಿನಲ್ಲಿ ಓದುತ್ತಿದ್ದ ಗೆಳೆಯನೊಬ್ಬ ಅವನಿಗೆ ಮೆಟಲ್ ಎಂಬ ಸಂಗೀತದ ಹುಚ್ಚು ಹಿಡಿಸಿದ್ದ. ಲೋಹವನ್ನು ಕಾಯಿಸಿ ಬಡಿದಂತೆ ಗಿಟಾರು, ಡ್ರಮ್ಮು. ನಡುವೆ ಗಂಟಲು ಹರಿಯುವಂತೆ ಒಬ್ಬನ ಕೂಗು. ಒಂದು ದಿನ ಆ ಗೆಳೆಯ ಒಂದು ಸಿ.ಡಿ. ಕೊಟ್ಟು, ನಾಳೆಯೇ ವಾಪಸ್ ಬೇಕು ಎಂದನಂತೆ. ಮನೆಯಲ್ಲಿ ಖಾಲಿ ಕ್ಯಾಸೆಟ್ಟು ಇರಲಿಲ್ಲ. ನಾನು ಮದುವೆಗೆಂದು ದೇವದುರ್ಗಕ್ಕೆ ಹೋಗಿದ್ದೆ. ಶೆಲ್ಫಿನಲ್ಲಿ ಹೆಸರು ಬರೆಯದ ಕ್ಯಾಸೆಟ್ಟೊಂದು ಕಂಡಿತು ಅವನಿಗೆ.

ಮುಂದಿನದು ನಿಮಗೆ ಗೊತ್ತಾಗಿರಬೇಕು. ತಿಥಿಯ ದಿನ ಎಲ್ಲರೂ ಕೂತಿದ್ದೇವೆ, ನಾನು ಗುಂಡಿ ಒತ್ತಿದೆ. ಸುವ್ವಿಯ ಬದಲು ಆ ಅರಚಾಟ ಬಂತು. ಮೊದಲು ಕ್ಯಾಸೆಟ್ಟು ಬದಲಾಗಿದೆ ಎಂದುಕೊಂಡೆ. ಮಗನ ಮುಖ ನೋಡಿದೆ. ಬಿಳಿಚಿಕೊಂಡಿತ್ತು.

"ಅಮ್ಮಾ, ನನಗ ಗೊತ್ತಿರಲಿಲ್ಲ. ಇವು ಎಲ್ಲೂ ಸಿಗಲಾರದ ಹಾಡು ಅಂದ್ರು, ಅದಕ್ಕ ಅವಸರ ಮಾಡಿ..."

ಕೆನ್ನೆಗೆ ಬಾರಿಸಿದೆ. ಹೊಡೆದದ್ದಾದರೂ ಮರೆತುಹೋಗುತ್ತಿತ್ತು. ಬಾಯಿಂದ ಒಂದು ಮಾತು ಬಂತು: "ನಿಮ್ಮಜ್ಜಿ ಒಂದು ಸಲ ಸತ್ತಿದ್ಲು. ಇವತ್ತು ನೀ ಎರಡನೇ ಸಲ ಕೊಂದಿ."

ಬಂದ ಬಳಗದೆದುರು ಆಡಿದ ಮಾತು. ಅವನು ತಿರುಗಿ ಒಂದು ಮಾತೂ ಆಡಲಿಲ್ಲ. ನಾನು ಕ್ಯಾಸೆಟ್ಟು ಕಿತ್ತು, ಕುಪ್ಪಸದ ತುಂಡಿನಲ್ಲಿ ಸುತ್ತಿ ಟ್ರಂಕಿನ ತಳಕ್ಕೆ ತುರುಕಿದೆ. ಇನ್ನೊಂದು ಬದಿ ತಿರುಗಿಸಿ ಕೇಳೋಣ ಎಂಬ ತಾಳ್ಮೆ ಆಗ ನನಗಿರಲಿಲ್ಲ. ಈ ಒಂದು ಮಾತು ನೆನಪಿಡಿ, ಮುಂದೆ ಬೇಕಾಗುತ್ತದೆ.

ಅಂದಿನಿಂದ ಮಗ ಮನೆಯಲ್ಲಿ ಹಾಡು ಹಚ್ಚಲಿಲ್ಲ. ಕಿವಿಗೆ ವೈರು ಸಿಕ್ಕಿಸಿಕೊಂಡು ಕೂರುವುದನ್ನು ಕಲಿತ. ಊಟ, ಓದು, ದುಡ್ಡಿನ ಮಾತು ಎಲ್ಲ ನಡೆಯುತ್ತಿತ್ತು. ಮಾತಿನಲ್ಲಿ ಕೊರತೆ ಇರಲಿಲ್ಲ. ಮಾತಿನ ಒಳಗೆ ಏನೂ ಇರುತ್ತಿರಲಿಲ್ಲ, ಅಷ್ಟೇ. ಮುಂದೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿತು. 2011ರ ಅಕ್ಟೋಬರ್‌ನಲ್ಲಿ ಮೆಟಾಲಿಕಾ ಎಂಬ ಅಮೆರಿಕದ ದೊಡ್ಡ ಮೆಟಲ್ ತಂಡ ನಮ್ಮ ದೇಶಕ್ಕೆ ಬಂತು. ದೆಹಲಿ ಹತ್ತಿರದ ಗುರಗಾಂವ್‌ನಲ್ಲಿ ಕಾರ್ಯಕ್ರಮ ನಿಂತುಹೋಗಿ, ಜನ ರೊಚ್ಚಿಗೆದ್ದು ವೇದಿಕೆ ಮುರಿದದ್ದನ್ನು ಟಿ.ವಿ.ಯಲ್ಲಿ ನೋಡಿ ನನ್ನ ಎದೆ ಡವಗುಟ್ಟಿತು. ಎರಡು ದಿನದ ಮೇಲೆ, 30ನೇ ತಾರೀಖು, ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಾರ್ಯಕ್ರಮ. ಅಲ್ಲಿಂದ ಮಗ ಫೋನ್ ಮಾಡಿದ. "ಅಮ್ಮಾ, ಒಂದು ಸ್ವಲ್ಪ ಕೇಳು" ಎಂದು ಫೋನನ್ನು ಗಾಳಿಯಲ್ಲಿ ಹಿಡಿದ. ಎಂಟು ವರ್ಷದಲ್ಲಿ ಅವನು ನನಗೆ ಕೇಳು ಎಂದದ್ದು ಅದೇ ಮೊದಲು. ಗದ್ದಲ ಕಿವಿಗೆ ಬಿದ್ದದ್ದೇ ತಡ, ನಾನು ಫೋನ್ ಇಟ್ಟುಬಿಟ್ಟೆ. ಅವನು ಮತ್ತೆ ಮಾಡಲಿಲ್ಲ.

ಕೊನೆಗೆ ನಮ್ಮನ್ನು ಎದುರುಬದುರು ಕೂಡಿಸಿದ್ದು ಕೊರೋನಾ. 2020ರ ಯುಗಾದಿಗೆಂದು ನಾಲ್ಕು ದಿನ ಮೊದಲೇ ಬಂದಿದ್ದ. ಯುಗಾದಿಯ ದಿನವೇ ದೇಶಕ್ಕೆಲ್ಲ ಬೀಗ ಬಿತ್ತು. ನಾಲ್ಕು ದಿನಕ್ಕೆ ಬಂದವನು ನಾಲ್ಕು ತಿಂಗಳು ಉಳಿದ. ಹಗಲೆಲ್ಲ ಕಂಪ್ಯೂಟರ್ ಮುಂದೆ ಕೆಲಸ. ಮಾನ್ವಿಯ ಏಪ್ರಿಲ್ ಬಿಸಿಲು ಗೊತ್ತಲ್ಲ, ಮಧ್ಯಾಹ್ನ ಹೊರಗೆ ಕಾಲಿಡುವಂತಿಲ್ಲ. ಹೊತ್ತು ಹೋಗದೆ ನಾನು ಕೌದಿ ಹೊಲಿಯಲೆಂದು ಟ್ರಂಕು ಬಿಚ್ಚಿದೆ. ಅತ್ತೆಯವರ ಇಳಕಲ್ ಸೀರೆ, ನಮ್ಮವರ ಧೋತರ, ಮಗನ ಶಾಲೆಯ ಅಂಗಿ ಒಂದೊಂದಾಗಿ ಹೊರಗೆ ಬಂದವು. ತಳದಲ್ಲಿ ಆ ಗಂಟು.

ಮಗ ಹತ್ತಿರವೇ ಕೂತಿದ್ದ. ಇಬ್ಬರೂ ಅದನ್ನೇ ನೋಡಿದೆವು. ನಾನು ಮುಚ್ಚಿಡಲು ಹೋದೆ. ಅವನು ಮೆಲ್ಲಗೆ, "ಅದರಾಗ ಏನು ಹಾಡು ಇದ್ವು ಅಂತ ನೀ ಒಮ್ಮೆರ ಕೇಳಲಿಲ್ಲಮ್ಮಾ" ಎಂದ. ಬೈಗುಳವಿರಲಿಲ್ಲ ಅದರಲ್ಲಿ. "ಸರಿ, ಹೇಳಪ್ಪಾ" ಎಂದು ಸೂಜಿಗೆ ದಾರ ಪೋಣಿಸತೊಡಗಿದೆ.

ಅವನು ಹೇಳಿದ್ದು ಇಷ್ಟು. ಅಮೆರಿಕದ ಲಾಸ್ ಏಂಜಲೀಸಿನಲ್ಲಿ ಫಿಯರ್ ಫ್ಯಾಕ್ಟರಿ ಎಂಬ ಮೆಟಲ್ ತಂಡ. ಅಂದರೆ ಭಯದ ಕಾರ್ಖಾನೆ! 2002ರಲ್ಲಿ ತಂಡ ಒಡೆಯಿತು. ಮರುವರ್ಷ ಅವರ ರೆಕಾರ್ಡ್ ಕಂಪನಿಯವರು, ಹಿಂದಿನ ಯಾವ ಆಲ್ಬಮ್ಮಿಗೂ ಸೇರದೆ ಉಳಿದ ಹಾಡುಗಳನ್ನೂ ರೀಮಿಕ್ಸುಗಳನ್ನೂ ಒಟ್ಟುಮಾಡಿ 'ಹೇಟ್‌ಫೈಲ್ಸ್' ಎಂಬ ಸಂಗ್ರಹ ತಂದರು. ದ್ವೇಷದ ಕಡತಗಳು! ನನ್ನ ಅತ್ತೆಯವರ ಸುವ್ವಾಲಿಯ ಮೇಲೆ ಕೂತದ್ದು ಅದೇ. ಹೆಸರು ಕೇಳಿಯೇ ಕೈಕಾಲು ತಣ್ಣಗಾದವು.

"ಉಳಿದ ಹಾಡು ಅಂದ್ರ? ಚೆನ್ನಾಗಿದ್ದರ ಮೊದಲೇ ಹಾಕ್ತಿರಲಿಲ್ಲೇನು?" ಎಂದೆ.

ಅದು ಹಾಗಲ್ಲವಂತೆ. ಜಾಗ ಸಾಲದೆ ಬಿಟ್ಟದ್ದು ಇರುತ್ತದೆ, ಮೊದಮೊದಲು ಪ್ರಯತ್ನಕ್ಕೆಂದು ಹಾಡಿದ್ದು ಇರುತ್ತದೆ. ಇದೇ ತಂಡ 1991ರಲ್ಲಿ ಒಂದಿಡೀ ಆಲ್ಬಮ್ ರೆಕಾರ್ಡ್ ಮಾಡಿತ್ತು. ಆಗ ಅದು ಹೊರಗೆ ಬರಲಿಲ್ಲ. ಹನ್ನೊಂದು ವರ್ಷದ ಮೇಲೆ, 2002ರಲ್ಲಿ 'ಕಾಂಕ್ರೀಟ್' ಎಂಬ ಹೆಸರಿನಲ್ಲಿ ಬಂತು. ಅಭಿಮಾನಿಗಳಿಗೆ ಅಂಥದ್ದೇ ಹೆಚ್ಚು ಪ್ರೀತಿ. ತಿದ್ದಿ ತೀಡಿದ ಹಾಡಿನಲ್ಲಿ ಕಾಣದ ಮನುಷ್ಯರು ಅದರಲ್ಲಿ ಕಾಣುತ್ತಾರೆ ಎಂದ.

ರೀಮಿಕ್ಸ್ ಎಂದರೇನು ಎಂದು ಕೇಳಿದೆ. ಸ್ಟುಡಿಯೋದಲ್ಲಿ ಹಾಡುವ ದನಿ, ಡ್ರಮ್ಮು, ಗಿಟಾರು ಎಲ್ಲವನ್ನೂ ಬೇರೆ ಬೇರೆ ಎಳೆಯಾಗಿ ರೆಕಾರ್ಡ್ ಮಾಡಿರುತ್ತಾರೆ. ಆಮೇಲೆ ಇನ್ನೊಬ್ಬರು ಆ ಎಳೆಗಳನ್ನು ಬಿಡಿಸಿ, ಕೆಲವು ಬಿಟ್ಟು, ಕೆಲವು ಹೊಸದಾಗಿ ಸೇರಿಸಿ, ಬೇರೆ ಲಯದಲ್ಲಿ ಕೂಡಿಸುತ್ತಾರೆ. ಈ ತಂಡದ 1995ರ 'ಡಿಮ್ಯಾನುಫ್ಯಾಕ್ಚರ್' ಎಂಬ ಆಲ್ಬಮ್ಮನ್ನು ಕೆನಡಾದ ರೀಸ್ ಫುಲ್ಬರ್ ಎಂಬುವರು ಹೀಗೆ ಬಿಡಿಸಿ ಕೂಡಿಸಿ, 1997ರಲ್ಲಿ 'ರೀಮ್ಯಾನುಫ್ಯಾಕ್ಚರ್' ಎಂದು ಇನ್ನೊಂದು ಆಲ್ಬಮ್ಮೇ ಆಯಿತಂತೆ.

ನನಗೆ ನಗು ಬಂತು. ಮಡಿಲಲ್ಲಿದ್ದ ಕೌದಿ ತೋರಿಸಿದೆ. "ಇದೇನು ಹಂಗಾರ? ನಿಮ್ಮಜ್ಜಿ ಸೀರಿ ಬಿಚ್ಚಿ, ನಿಮ್ಮಪ್ಪನ ಧೋತ್ರಕ್ಕ ಹಚ್ಚಿ, ನಿನ್ನ ಅಂಗಿ ನಡುವ ಇಟ್ಟು..." ಅವನೂ ನಕ್ಕ. ರಾತ್ರಿ ಉಳಿದ ರೊಟ್ಟಿಯನ್ನು ಮುರಿದು ಬೆಳಿಗ್ಗೆ ಒಗ್ಗರಣೆ ಹಾಕುತ್ತೇವಲ್ಲ, ಕೆಲವರಿಗೆ ಬಿಸಿ ರೊಟ್ಟಿಗಿಂತ ಅದೇ ರುಚಿ. ಸುವ್ವಿಯ ಧಾಟಿಯಲ್ಲಿ ದಾಸರು ತತ್ವ ಕೂಡಿಸಲಿಲ್ಲವೇ? ಒಂದೇ ಪದವನ್ನು ಅತ್ತೆಯವರು ಒಂದು ರೀತಿ, ಪಕ್ಕದ ಮನೆಯ ಅಜ್ಜಿ ಒಂದು ರೀತಿ ಹಾಡಲಿಲ್ಲವೇ? ಹೀಗೆ ನೋಡಿದರೆ ನಮ್ಮ ಹೆಂಗಸರಿಗೆ ಇದೇನೂ ಹೊಸ ವಿದ್ಯೆಯಲ್ಲ.

ಮತ್ತೊಂದು ಸಂಗತಿ ಹೇಳಿದ. ನಾನು ಫೋನ್ ಇಟ್ಟುಬಿಟ್ಟಿದ್ದೆನಲ್ಲ, ಆ ಮೆಟಾಲಿಕಾ ತಂಡದ್ದು. 1986ರಲ್ಲಿ ಸ್ವೀಡನ್ನಿನಲ್ಲಿ ಅವರ ಬಸ್ಸು ಉರುಳಿ, ಬೇಸ್ ಗಿಟಾರ್ ನುಡಿಸುತ್ತಿದ್ದ 24 ವರ್ಷದ ಹುಡುಗ ಕ್ಲಿಫ್ ಬರ್ಟನ್ ತೀರಿಕೊಂಡ. ಅವನ ಜಾಗಕ್ಕೆ ಇನ್ನೊಬ್ಬನನ್ನು ತಂದರು. ಮರುವರ್ಷ ಆ ಹೊಸಬನೊಂದಿಗೆ ಗ್ಯಾರೇಜಿನಲ್ಲಿ ತಾಲೀಮು ಮಾಡಿ, ಬೇರೆ ತಂಡಗಳ ಹಾಡು ನುಡಿಸಿ ಒಂದು ಚಿಕ್ಕ ರೆಕಾರ್ಡು ತಂದರು. ಅಂಗಡಿಯವರು ಹೆಚ್ಚು ದುಡ್ಡು ಕೀಳಬಾರದೆಂದು ಅದರ ಹೆಸರಿನಲ್ಲೇ ಬೆಲೆ ಸೇರಿಸಿದ್ದರಂತೆ, 5 ಡಾಲರ್ 98 ಸೆಂಟ್! (ಈ ಬುದ್ಧಿ ನಮ್ಮ ತರಕಾರಿಯವರಿಗೂ ಬರಲಿ.) ಮುಂದೆ 1998ರಲ್ಲಿ ಅವನ್ನೂ, ಅಲ್ಲಲ್ಲಿ ಚದುರಿದ್ದ ಇತರ ಹಾಡುಗಳನ್ನೂ, ಹೊಸದಾಗಿ ನುಡಿಸಿದವನ್ನೂ ಸೇರಿಸಿ 'ಗ್ಯಾರೇಜ್ ಇಂಕ್' ಎಂಬ 27 ಹಾಡುಗಳ ಸಂಗ್ರಹ ಮಾಡಿದರು.

ಸತ್ತವನ ಜಾಗಕ್ಕೆ ಬಂದ ಆ ಹೊಸ ಹುಡುಗನ ಬಗ್ಗೆ ನನಗೆ ಕರುಳು ಚುರ್ ಎಂದಿತು. ಸೊಸೆಯಾಗಿ ಬಂದವರಿಗೆ ಅದು ಗೊತ್ತು. ಎಲ್ಲರೂ ನಿಮ್ಮ ಕೈಯನ್ನು ನೋಡುತ್ತಾರೆ, ಮನಸ್ಸಿನಲ್ಲಿ ಇನ್ನೊಬ್ಬರ ಕೈ ನೆನೆಯುತ್ತಾರೆ.

ಇಷ್ಟೆಲ್ಲ ಆದ ಮೇಲೆ ಮಗ, "ಅಮ್ಮಾ, ಆ ಕ್ಯಾಸೆಟ್ಟು ಒಮ್ಮೆ ಹಚ್ಚಲೇನು?" ಎಂದ. ಬೇಡ ಎನ್ನಲು ಬಾಯಿ ಬರಲಿಲ್ಲ.

ಹಳೆಯ ಟೇಪ್ ರೆಕಾರ್ಡರಿನ ತಲೆಯನ್ನು ಹತ್ತಿಯಲ್ಲಿ ಸ್ಪಿರಿಟ್ ಅದ್ದಿ ಒರೆಸಿದ. ಸುಕ್ಕಾದ ಟೇಪನ್ನು ಪೆನ್ಸಿಲ್ ತಿರುಗಿಸಿ ಬಿಗಿ ಮಾಡಿದ. ಮೊದಲ ಬದಿ ಪೂರ್ತಿ ಭಯದ ಕಾರ್ಖಾನೆ. ಕೇಳಿದೆ. ಆ ಗಾಯಕ ಕೂಗುತ್ತಾ ಕೂಗುತ್ತಾ ನಡುವೆ ಒಮ್ಮೆಲೇ ಮೆತ್ತಗೆ, ರಾಗವಾಗಿ ಹಾಡುತ್ತಿದ್ದ. ಅದನ್ನು ನಾನು ಗಮನಿಸಿಯೇ ಇರಲಿಲ್ಲ. ಎರಡನೆಯ ಬದಿ ಹಾಕಿದ. ಅಲ್ಲೂ ಅದೇ. ಇಪ್ಪತ್ತು ನಿಮಿಷದ ಹತ್ತಿರ ಆಗಿರಬೇಕು. ಗಿಟಾರಿನ ದನಿ ಒಂದು ಕ್ಷಣ ಕೀಚಲಾಗಿ ಏರಿ, ಟಕ್ ಎಂದಿತು.

ಆಮೇಲೆ ಅತ್ತೆಯವರು.

ಸುವ್ವಾಲಿಯ ನಡುವಿನ ಒಂದು ನುಡಿಯಿಂದ ಶುರುವಾಯಿತು. ನನ್ನ ಕೈಯಲ್ಲಿದ್ದ ಸೂಜಿ ಎಲ್ಲಿ ಬಿತ್ತೋ ತಿಳಿಯದು. ಮಗ ಕಣ್ಣು ಮುಚ್ಚಿ ಕೂತಿದ್ದ. ಆಮೇಲೆ ಅವನಿಗೇ ನೆನಪಾಯಿತು: "ಅವತ್ತು ನಡುವ ಕರೆಂಟ್ ಹೋಗಿತ್ತಮ್ಮಾ. ರಾತ್ರಿತನ ಬರಲಿಲ್ಲ. ಮುಂದ ರೆಕಾರ್ಡ್ ಮಾಡಲಿಲ್ಲ ನಾ." ಜೀವಮಾನವಿಡೀ ಮಾನ್ವಿಯ ಲೋಡ್ ಶೆಡ್ಡಿಂಗಿಗೆ ಶಾಪ ಹಾಕಿದವಳು ನಾನು. ಅಂದು ಕೈಮುಗಿದೆ.

ಒಂಬತ್ತು ನಿಮಿಷ ಉಳಿದಿತ್ತು. ಅದರಲ್ಲಿ ಹಾಡು ಏಳು ನಿಮಿಷ. ಕೊನೆಗೆ ಅತ್ತೆಯವರು ಕೆಮ್ಮುತ್ತಾರೆ, ನೀರು ಕುಡಿಯುತ್ತಾರೆ, ಮತ್ತೆ ಎತ್ತಿಕೊಂಡು ಹಾಡುತ್ತಿದ್ದಂತೆ ನಡುವೆ ನಿಲ್ಲಿಸಿ ಕೂಗುತ್ತಾರೆ: "ಏ ಹುಡುಗಿ, ಒಲಿ ಮ್ಯಾಲ ಹಾಲು ಉಕ್ಕಲಿಕ್ಕತ್ತದ ನೋಡವ್ವಾ!" ದೂರದಿಂದ ಒಂದು ಎಳೆಯ ದನಿ, "ನೋಡ್ತೀನ್ರೀ ಅತ್ತೀ" ಎನ್ನುತ್ತದೆ. ಅದು ಯಾರೆಂದು ತಿಳಿಯಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನೇ. ತಿಥಿಯ ದಿನಗಳಲ್ಲಿ ಕ್ಯಾಸೆಟ್ಟು ಈ ತುದಿಗೆ ಬರುವಷ್ಟರಲ್ಲಿ ನಾನು ಎಲೆ ಹಾಕಲು ಎದ್ದುಹೋಗಿರುತ್ತಿದ್ದೆ. ನನ್ನ ದನಿ ಅದರಲ್ಲಿದೆ ಎಂದು ನನಗೇ ಗೊತ್ತಿರಲಿಲ್ಲ.

ಅವತ್ತು ಮಗನ ತಲೆಯ ಮೇಲೆ ಕೈಯಿಟ್ಟೆ. "ಅವತ್ತು ಆಡಿದ ಮಾತು..." ಎಂದೆ. "ಬಿಡಮ್ಮಾ" ಎಂದ. "ಬಿಡೂದಲ್ಲಪ್ಪಾ, ತಪ್ಪು ನಂದು" ಎಂದೆ. ಅವನು ಅಳಿಸಿದ್ದು ಅರ್ಧ ಗಂಟೆ, ಮೇಲೆ ಇಪ್ಪತ್ತು ನಿಮಿಷ. ನಾನು ಅಳಿಸಿದ್ದು ಹದಿನೇಳು ವರ್ಷ.

ಮಗ ಅದನ್ನು ಕಂಪ್ಯೂಟರಿಗೆ ಇಳಿಸಿದ. ಎರಡು ದಿನ ಕೂತು ಸರಸರ ಸದ್ದು ತೆಗೆದ, ಕೆಮ್ಮು ತೆಗೆದ, ಹಾಲಿನ ಮಾತೂ ತೆಗೆದ. ಹಾಡು ಆಕಾಶವಾಣಿಯಲ್ಲಿ ಬರುವ ಹಾಗೆ ಸ್ವಚ್ಛವಾಗಿತ್ತು. ಕೇಳಿ, "ಚೆಂದ ಆಗ್ಯದ. ಆದರ ನಮ್ಮ ಮನೀದಲ್ಲ. ಹಾಲು ವಾಪಸ್ ಹಾಕು" ಎಂದೆ. ನಕ್ಕು ಹಾಕಿದ. ಇನ್ನೊಂದರಲ್ಲಿ ಅತ್ತೆಯವರ ದನಿಯ ಕೆಳಗೆ ತನ್ನ ಗಿಟಾರನ್ನು ಮೆಲ್ಲಗೆ ನುಡಿಸಿದ. ಅದಕ್ಕೆ ನನ್ನ ಒಪ್ಪಿಗೆ ಸಿಗಲು ಒಂದು ವಾರ ಹಿಡಿಯಿತು. ಮೂರನೆಯದು ಏನೂ ಮುಟ್ಟದೆ ಇದ್ದದ್ದು ಇದ್ದ ಹಾಗೆ: ಕೊನೆಯ ಗದ್ದಲ, ಟಕ್ ಎಂಬ ಸದ್ದು, ಸುವ್ವಾಲಿ. ಗದ್ದಲ ಬೇಡ ಎಂದು ಅವನೇ ಅಂದ. ಇರಲಿ ಎಂದು ನಾನೇ ಹೇಳಿದೆ. ಅದೂ ಈ ಮನೆಯಲ್ಲಿ ನಡೆದದ್ದೇ ತಾನೆ?

ನಿಮ್ಮ ಮನೆಯಲ್ಲೂ ಇಂಥ ಕ್ಯಾಸೆಟ್ಟು ಇದ್ದರೆ ಎರಡು ಮಾತು. ಕ್ಯಾಸೆಟ್ಟಿನಲ್ಲಿ ಟೇಪು ಕಾಣುವ ಅಂಚಿನ ಎದುರು ಅಂಚಿಗೆ ಎರಡು ಮೂಲೆಯಲ್ಲಿ ಪುಟ್ಟ ಪ್ಲಾಸ್ಟಿಕ್ ಹಲ್ಲುಗಳಿವೆ. ಆ ಅಂಚನ್ನು ಮೇಲೆ ಮಾಡಿ ಹಿಡಿದರೆ, ನಿಮ್ಮೆದುರಿನ ಬದಿಗೆ ಎಡಗಡೆಯದು ಕಾವಲು. ಅವನ್ನು ಮುರಿದುಬಿಡಿ. ಆಮೇಲೆ ಯಾರೂ ಅದರ ಮೇಲೆ ರೆಕಾರ್ಡ್ ಮಾಡಲು ಬರುವುದಿಲ್ಲ, ಗುಂಡಿಯೇ ಒತ್ತುವುದಿಲ್ಲ. ಒಮ್ಮೆ ಮೇಲೆ ರೆಕಾರ್ಡ್ ಆದರೆ ಕೆಳಗಿನದು ಹೋದಂತೆಯೇ. ಮೊದಲು ಅಳಿಸಿಯೇ ಯಂತ್ರ ಬರೆಯುತ್ತದೆ. ಎರಡನೆಯದು, ಟೇಪು ವರ್ಷ ಕಳೆದಂತೆ ಕೆಡುತ್ತದೆ. ತಿಳಿದ ಹುಡುಗರ ಕೈಯಲ್ಲಿ ಕಂಪ್ಯೂಟರಿಗೆ ಇಳಿಸಿ, ಎರಡು ಕಡೆ ಇಟ್ಟುಕೊಳ್ಳಿ. ಮೇಲೆ ಹೆಸರು ಬರೆಯುವುದನ್ನು ಮರೆಯಬೇಡಿ. ನಾನು ಒಂದು ಹೆಸರು ಬರೆದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಆ ವರ್ಷದ ಭಾದ್ರಪದ ನವಮಿಗೆ ಮೂರೂ ಹಾಡನ್ನು ಫೋನಿನಲ್ಲಿ ಬಳಗಕ್ಕೆಲ್ಲ ಕಳಿಸಿದೆವು. ನಮ್ಮ ನಾದಿನಿ ರಾಯಚೂರಿನಿಂದ ಫೋನ್ ಮಾಡಿ ಮೊದಲು ಅತ್ತಳು, ಆಮೇಲೆ ಕೇಳಿದಳು: "ಅಲ್ಲ ವೈನಿ, ಆ ಹಾಲು ಉಕ್ಕಿತೋ, ಉಳೀತೋ?"

ಎಷ್ಟು ನೆನೆದರೂ ನನಗೆ ನೆನಪಾಗಲೊಲ್ಲದು. ನೋಡ್ತೀನ್ರೀ ಅತ್ತೀ ಎಂದು ನಾನು ಓಡುವಲ್ಲಿಗೆ ಟೇಪು ಮುಗಿದುಹೋಗುತ್ತದೆ.